ಆಲ್ಟೋ ಮೌತ್‌ಪೀಸ್ ತೀಡಿಸಿದರೆ ನಾದ ಸುಧಾರಿಸುತ್ತದೆಯೇ?

ಪುತ್ತೂರು ಆಲ್ಟೋ

ಎಲ್ಲರಿಗೂ ನಮಸ್ಕಾರ. ದೇವಸ್ಥಾನದ ಉತ್ಸವ, ಮದುವೆ, ನೇಮಗಳಲ್ಲಿ ಡೋಲಿನ ಜೊತೆಗೆ ಆಲ್ಟೋ ಸ್ಯಾಕ್ಸೋಫೋನ್ ನುಡಿಸಿ ಬೆಳೆದವನು ನಾನು. ಈಗೀಗ ಪಿಟೀಲು, ಮೃದಂಗ ಇಟ್ಟುಕೊಂಡು ಕೂತು ಕಛೇರಿ ಮಾಡುವ ಅವಕಾಶಗಳು ಬರುತ್ತಿವೆ. ಬಯಲಿನಲ್ಲಿ ಡೋಲಿನ ಅಬ್ಬರದೊಳಗೆ ಮುಚ್ಚಿಹೋಗುತ್ತಿದ್ದ ದೋಷಗಳೆಲ್ಲ ಸಭಾಂಗಣದಲ್ಲಿ ಎದ್ದು ಕೇಳುತ್ತಿವೆ. ತಾರಸ್ಥಾಯಿಗೆ ಹೋದರೆ ಸ್ವರ ತೆಳ್ಳಗಾಗಿ ಕೀರಲು ಬರುತ್ತದೆ. ಮಂದ್ರದಲ್ಲಿ ಮೆಲ್ಲಗೆ ಊದಿದರೆ ಸ್ವರ ಏಳುವುದೇ ಇಲ್ಲ, ಜೋರಾಗಿ ಊದಿದರೆ ಗುಳುಗುಳು ಎನ್ನುತ್ತದೆ. ತೋಡಿಯ ಗಾಂಧಾರ ತೂಗುವಾಗ ನಡುವೆ ಒಂದು ಕಡೆ ಚಿಂವ್ ಎಂದು ರೀಡ್ (ಊದಿದಾಗ ಅದುರುವ ತೆಳು ಪಟ್ಟಿ) ಕೈಕೊಡುತ್ತದೆ.

ಮೌತ್‌ಪೀಸ್ ಎಬೊನೈಟಿನದು (ಗಟ್ಟಿ ರಬ್ಬರು), ಹಳೆಯ ವಾದಕರೊಬ್ಬರ ಕೈಯಿಂದ ಬಂದದ್ದು. ಮೇಲಿನ ಹೆಸರು ಸವೆದು ಹೋಗಿದೆ. ರೀಡ್ ಎರಡೂವರೆ ನಂಬರಿನದು. ವಾದ್ಯ ರಿಪೇರಿ ಮಾಡುವವರೊಬ್ಬರು ಅದನ್ನು ಕಣ್ಣಿಗೆ ಹಿಡಿದು ನೋಡಿ, ಒಳಗಿನ ಬ್ಯಾಫಲ್ (ರೀಡಿಗೆ ಎದುರಾದ ಒಳಛಾವಣಿ) ಎತ್ತರವಾಗಿದೆ, ಅರ ಹಾಕಿ ಇಳಿಸಿಕೊಟ್ಟರೆ ನಾದ ದುಂಡಗಾಗುತ್ತದೆ ಎನ್ನುತ್ತಾರೆ. ಕೊಡಲೋ ಬೇಡವೋ? ಅನುಭವಿಗಳು ತಿಳಿಸಬೇಕು.

ಮೈಸೂರು ಬ್ಯಾಂಡ್

ತಮ್ಮಾ, ಅರದ ಸುದ್ದಿ ಆಮೇಲೆ. ಮಂದ್ರದಲ್ಲಿ ಗುಳುಗುಳು ಎಂದರೆ ಹತ್ತರಲ್ಲಿ ಎಂಟು ಸಲ ಮೌತ್‌ಪೀಸಿನ ದೋಷವಲ್ಲ, ಎಲ್ಲೋ ರಂಧ್ರ ಮುಚ್ಚುವ ಪ್ಯಾಡ್ ಸರಿಯಾಗಿ ಕೂರುತ್ತಿಲ್ಲ. ಕತ್ತಲೆ ಕೋಣೆಗೆ ಹೋಗಿ, ದೀಪಾವಳಿಗೆ ತೂಗಿಬಿಡುವ ಎಲ್‌ಇಡಿ ಪಟ್ಟಿಯನ್ನು ವಾದ್ಯದೊಳಗೆ ಇಳಿಬಿಟ್ಟು ಕೀಲಿಗಳನ್ನು ಹಗುರವಾಗಿ ಒತ್ತಿ ನೋಡು. ಎಲ್ಲಿ ಬೆಳಕು ಸೋರುತ್ತದೆಯೋ ಅಲ್ಲಿ ಗಾಳಿಯೂ ಸೋರುತ್ತದೆ. ಜಿ ಶಾರ್ಪ್ ಪ್ಯಾಡಿನ ಮೇಲೆ ಮೊದಲ ಗುಮಾನಿ ಇರಲಿ. ನೆಕ್ಕಿನ (ಮೌತ್‌ಪೀಸ್ ಸಿಕ್ಕಿಸುವ ಬಾಗಿದ ಕೊಳವೆ) ಕಾರ್ಕ್ ಸವೆದು ಮೌತ್‌ಪೀಸ್ ಅಲ್ಲಾಡುತ್ತಿದ್ದರೆ ಅದೂ ಒಂದು ಸೋರಿಕೆ.

ಇನ್ನು ನಾದದ ಮಾತು. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ನಾಗಸ್ವರದ ಮನೆಯಿಂದ ಬಂದವರು ಸ್ಯಾಕ್ಸೋಫೋನಿನ ಬೆನ್ನು ಹತ್ತಿದರು. ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಲು ಅವರಿಗೆ ಹತ್ತಿರಹತ್ತಿರ 20 ವರ್ಷ ಹಿಡಿಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿಗೆ ಕೂತಾಗ ಜನ ಕೇಳಿದ್ದು ಆ 20 ವರ್ಷವನ್ನು. ಬೆಳಗ್ಗೆ ಎದ್ದು ಶ್ರುತಿಪೆಟ್ಟಿಗೆ ಹಚ್ಚಿಕೊಂಡು ಒಂದೊಂದೇ ಸ್ವರವನ್ನು ಉಸಿರು ಮುಗಿಯುವ ತನಕ ಹಿಡಿ. ಈಗಿನವರಿಗೆ ಎಲ್ಲದಕ್ಕೂ ಅಂಗಡಿಯಲ್ಲಿ ಉತ್ತರ ಬೇಕು.

ಲೇತ್ ಮನೆ

ಬ್ಯಾಂಡ್ ರಾಯರು ಹೇಳಿದ ಪ್ಯಾಡ್ ಪರೀಕ್ಷೆ ಸರಿ, ಮೊದಲು ಅದೇ ಆಗಲಿ. ಸಾಧನೆಯ ಮಾತನ್ನು ಮಾತ್ರ ಒಪ್ಪಲಾರೆ. ಸೋರುವ ಮೌತ್‌ಪೀಸಿನ ಮೇಲೆ ಸಾಧನೆ ಮಾಡಿದರೆ ಸೋರಿಕೆಯನ್ನು ತುಟಿಯಿಂದ ಮುಚ್ಚುವುದನ್ನೇ ಕಲಿತುಬಿಡುತ್ತೇವೆ. ತುಟಿ ಬಿಗಿಯುತ್ತದೆ, ನಾದ ಇನ್ನೂ ತೆಳ್ಳಗಾಗುತ್ತದೆ.

ಪುತ್ತೂರಿನವರೇ, ಕಣ್ಣಿಗೆ ಹಿಡಿದು ನೋಡಿ ಬ್ಯಾಫಲ್ ಇಳಿಸುತ್ತೇನೆ ಎನ್ನುವವರ ಕೈಗೆ ದಯವಿಟ್ಟು ಕೊಡಬೇಡಿ. ಕಣ್ಣಿಗೆ ಕಾಣುವ ದೋಷ ಬಹಳ ದೊಡ್ಡದು. ನಿಜವಾಗಿ ಕಾಡುವುದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ. ನಾನು ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಿರುಗಿಸುವವನು, ಸಂಜೆ ಆಲ್ಟೋ ಊದುವವನು, ಆದ್ದರಿಂದ ಅಳತೆಯ ಹುಚ್ಚು ಸ್ವಲ್ಪ ಜಾಸ್ತಿ.

ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಒದ್ದೆ ರೀಡ್ ಕಟ್ಟಿ ಲಿಗೇಚರ್ (ರೀಡನ್ನು ಹಿಡಿದಿಡುವ ಬಳೆ) ಬಿಗಿ ಮಾಡಿ. ನೆಕ್ ಕಡೆಯ ತೂತನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ನುಡಿಸುವ ಕಡೆಯಿಂದ ಒಳಗಿನ ಗಾಳಿಯನ್ನು ಜೋರಾಗಿ ಹೀರಿ ಬಾಯಿಯಿಂದ ತೆಗೆಯಿರಿ. ರೀಡ್ ಕೂರುವ ಟೇಬಲ್ಲೂ ಅಂಚಿನ ರೇಲುಗಳೂ ಸರಿಯಿದ್ದರೆ ರೀಡ್ ಒಂದೆರಡು ಸೆಕೆಂಡು ಹಾಗೇ ಅಂಟಿಕೊಂಡಿದ್ದು, ಆಮೇಲೆ ಟಪ್ ಎಂದು ಬಿಡುತ್ತದೆ. ಬಾಯಿಯಿಂದ ತೆಗೆದ ಕ್ಷಣವೇ ಬಿಟ್ಟುಕೊಂಡರೆ ಗಾಳಿ ಹೋಗಲು ದಾರಿಯಿದೆ ಎಂದರ್ಥ. ಮೂರ್ನಾಲ್ಕು ರೀಡುಗಳಲ್ಲಿ ಮಾಡಿ. ಒಂದೇ ರೀಡಿನಲ್ಲಿ ಸೋಲುತ್ತಿದ್ದರೆ ತಪ್ಪು ರೀಡಿನದು. ನಿಮ್ಮ ಕಡೆಯ ಮಳೆಗಾಲದಲ್ಲಿ ರೀಡಿನ ಬೆನ್ನು ಬಾಗುವುದು ಮಾಮೂಲಿ.

ಎರಡನೆಯದು ಟೇಬಲ್ಲಿನ ಸಮತಟ್ಟು, ಅಂದರೆ ರೀಡಿನ ಬುಡ ಕೂರುವ ಜಾಗ. ಅದರ ಮೇಲೆ ಮಾರ್ಕರ್ ಪೆನ್ನಿನಿಂದ ಅಡ್ಡಗೆರೆ ಹಾಕಿ. ದಪ್ಪ ಗಾಜಿನ ಮೇಲೆ 1000 ನಂಬರ್ ವಾಟರ್ ಪೇಪರ್ (ಉಜ್ಜು ಕಾಗದ) ಹಾಸಿ, ಕೈಭಾರ ಹಾಕದೆ, ಟೇಬಲ್ಲನ್ನು ಒಂದೇ ಒಂದು ಸಲ ನೇರವಾಗಿ ಎಳೆಯಿರಿ. ಉಬ್ಬಿದ ಜಾಗದಲ್ಲಿ ಮಸಿ ಹೋಗಿರುತ್ತದೆ, ತಗ್ಗಿನಲ್ಲಿ ಉಳಿದಿರುತ್ತದೆ. ನೋಡಿ ಇಲ್ಲಿ ಬರೆಯಿರಿ. ಅಲ್ಲಿಯ ತನಕ ಅರ ಮುಟ್ಟುವಂತಿಲ್ಲ.

ನ್ಯೂಜೆರ್ಸಿ ಟೆನರ್

ಲೇತ್ ಮನೆಯವರ ಪರೀಕ್ಷೆಗಳನ್ನು ಇಲ್ಲಿಯ ರಿಫೇಸರ್‌ಗಳೂ ಮಾಡುತ್ತಾರೆ. ಮೌತ್‌ಪೀಸ್ ತೀಡುವುದೇ ಇಲ್ಲಿ ಒಂದು ಪ್ರತ್ಯೇಕ ಕಸುಬು. ನಾನು ಜಾಸ್ ನುಡಿಸುವವನು, ಒಟ್ಟು ಚಿತ್ರ ಹೇಳುತ್ತೇನೆ.

ಟಿಪ್ ಎಂದರೆ ರೀಡಿನ ತುದಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು. ಯಮಹಾ 4ಸಿ ಆಲ್ಟೋ ಮೌತ್‌ಪೀಸಿನಲ್ಲಿ ಅದು 1.60 ಮಿ.ಮೀ., ಸೆಲ್ಮರ್ ಎಸ್80 ಸಿ ಸ್ಟಾರ್‌ನಲ್ಲಿ 1.70, ಜಾಸ್‌ನವರು ಇಷ್ಟಪಡುವ ಮೇಯರ್ 5ರಲ್ಲಿ ಸುಮಾರು 1.80, ಮೇಯರ್ 6ರಲ್ಲಿ 1.93. ಸಂದು ಹೆಚ್ಚಿದಷ್ಟೂ ಗಾಳಿ ಹೆಚ್ಚು ಬೇಕು, ರೀಡ್ ಮೆತ್ತಗಿರಬೇಕು, ಆದರೆ ಸ್ವರವನ್ನು ತುಟಿಯಿಂದ ಬಾಗಿಸಲು ಜಾಗ ಸಿಗುತ್ತದೆ. ಬ್ಯಾಫಲ್ ಎಂದರೆ ತುದಿಯ ಹಿಂದೆ, ರೀಡಿಗೆ ಎದುರಾಗಿರುವ ಒಳಛಾವಣಿ. ಅದು ರೀಡಿಗೆ ಹತ್ತಿರ ಬಂದಷ್ಟೂ ಗಾಳಿಯ ವೇಗ ಹೆಚ್ಚಿ ನಾದ ಹರಿತವಾಗುತ್ತದೆ. ಅದರ ಹಿಂದಿನ ಕೋಣೆ ಚೇಂಬರ್, ದೊಡ್ಡದಾದಷ್ಟೂ ನಾದ ಗಾಢ. ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದಾಗ ಮಾಡಿದ ಮೌತ್‌ಪೀಸುಗಳಲ್ಲಿ ಚೇಂಬರ್ ದೊಡ್ಡದಾಗಿ ದುಂಡಗಿತ್ತು. ಡಾನ್ಸ್ ಬ್ಯಾಂಡುಗಳ ಕಾಲದಲ್ಲಿ ಗದ್ದಲದ ಮೇಲೆ ಕೇಳಿಸಬೇಕಾಗಿ ಬಂದು ಅದು ಕಿರಿದಾಗುತ್ತಾ ಹೋಯಿತು. ಶಾಸ್ತ್ರೀಯ ವಾದಕ ಸಿಗುರ್ಡ್ ರಾಷರ್ ಮಾತ್ರ ಸ್ಯಾಕ್ಸ್ ಮಾಡಿದಂಥದ್ದೇ ಬೇಕೆಂದು ಜೀವನವಿಡೀ ಪಟ್ಟುಹಿಡಿದರು.

ನನ್ನ ಸಲಹೆ ಸರಳ. ಹೆಸರು ಅಳಿಸಿಹೋದ ಮೌತ್‌ಪೀಸಿನ ಹಿಂದೆ ಬೀಳಬೇಡಿ. ಒಳ್ಳೆಯದೊಂದನ್ನು ಕೊಂಡುಕೊಳ್ಳಿ.

ಷಡ್ಜ

ನ್ಯೂಜೆರ್ಸಿಯವರು ವಿವರಿಸಿದ್ದು ಚೆನ್ನಾಗಿದೆ. ಆದರೆ ಕೊಂಡುಕೊಳ್ಳಿ ಎನ್ನುವುದು ಡಾಲರಿನಲ್ಲಿ ಸಂಬಳ ಬರುವವರ ಸಲಹೆ! ಇಲ್ಲಿಗೆ ತರಿಸಿದರೆ ಸುಂಕ ಸೇರಿ ಬೆಲೆ ಎಲ್ಲಿಗೋ ಹೋಗುತ್ತದೆ, ಅಂಗಡಿಯಲ್ಲಿ ಹತ್ತನ್ನು ಊದಿ ನೋಡಿ ಒಂದನ್ನು ಆರಿಸುವ ಅನುಕೂಲವಂತೂ ಇಲ್ಲ. ಒಂದೇ ಕಂಪನಿಯ ಒಂದೇ ನಂಬರಿನ ಎರಡು ಮೌತ್‌ಪೀಸುಗಳು ಬೇರೆಬೇರೆಯಾಗಿ ನುಡಿಯುತ್ತವೆ ಎಂಬುದು ನಿಮಗೂ ಗೊತ್ತು.

ಇನ್ನೊಂದು ಮಾತು. ಜಾಸ್‌ನವರ ಒಳ್ಳೆಯ ನಾದವೂ ನಮ್ಮ ಒಳ್ಳೆಯ ನಾದವೂ ಒಂದೇ ಅಲ್ಲ. ನಮಗೆ ಹಿಂದೆ ತಂಬೂರಿ ನಿಲ್ಲದೆ ನುಡಿಯುತ್ತಿರುತ್ತದೆ. ಪಂಚಮದಲ್ಲಿ ನಿಂತರೆ ಒಂದು ಕೂದಲೆಳೆಯೂ ಅಲ್ಲಾಡಬಾರದು, ಮರುಕ್ಷಣ ಅದೇ ಸ್ವರದಿಂದ ಧೈವತಕ್ಕೆ ಜಾರಬೇಕು. ನಿಲ್ಲುವುದಕ್ಕೆ ಕಿರಿದಾದ ಟಿಪ್ ಒಳ್ಳೆಯದು, ಜಾರುವುದಕ್ಕೆ ಅಗಲವಾದದ್ದು. ಎರಡೂ ಬೇಕೆಂದರೆ ನಡುವೆ ಎಲ್ಲೋ ರಾಜಿಯಾಗಬೇಕು. ನನಗೆ 1.8ರ ಆಸುಪಾಸಿನಲ್ಲಿ, ಎರಡೂವರೆ ರೀಡಿನೊಂದಿಗೆ, ನೆಮ್ಮದಿಯಿದೆ. ಬೆರಳಿನಿಂದ ಕೀಲಿಯನ್ನು ಅರ್ಧ ತೆರೆದು ಗಮಕ ತೆಗೆಯುವವರಿಗೆ ಇನ್ನೂ ಕಿರಿದಾದದ್ದೂ ನಡೆಯುತ್ತದೆ, ದವಡೆಯಿಂದ ತೆಗೆಯುವವರಿಗೆ ಸಾಲದು.

ಪುತ್ತೂರು ಆಲ್ಟೋ

ಎಲ್ಲರಿಗೂ ಧನ್ಯವಾದ. ಬ್ಯಾಂಡ್ ಸಾರ್ ಹೇಳಿದಂತೆ ಬಲ್ಬ್ ಇಳಿಬಿಟ್ಟು ನೋಡಿದೆ. ಜಿ ಶಾರ್ಪ್ ಪ್ಯಾಡಿನ ಅಂಚಿನಲ್ಲಿ ಬೆಳಕಿನ ಗೆರೆ ಕಂಡಿತು. ಪ್ಯಾಡ್ ಬದಲಾಯಿಸಿದ ಮೇಲೆ ಗುಳುಗುಳು ಪೂರ್ತಿ ನಿಂತಿದೆ. ಮಂದ್ರ ಮೆಲ್ಲಗೆ ಏಳದಿರುವುದು, ತಾರಸ್ಥಾಯಿಯ ಕೀರಲು, ಚಿಂವ್ ಎನ್ನುವುದು ಇವೆಲ್ಲ ಹಾಗೇ ಇವೆ.

ಟಪ್ ಪರೀಕ್ಷೆಯಲ್ಲಿ ಯಾವ ರೀಡ್ ಕಟ್ಟಿದರೂ ತಕ್ಷಣ ಬಿಟ್ಟುಕೊಳ್ಳುತ್ತದೆ. ಟೇಬಲ್ಲಿನ ಮೇಲೆ ಹಾಕಿದ ಮಸಿ ನಾಲ್ಕೂ ಅಂಚಿನಲ್ಲಿ ಹೋಗಿ, ನಡುವೆ ತುಳಸಿ ಎಲೆಯಷ್ಟು ಜಾಗದಲ್ಲಿ ಉಳಿದಿದೆ. ಆ ಜಾಗ ಕಿಟಕಿಯ, ಅಂದರೆ ರೀಡಿನ ಅಡಿಯ ತೂತಿನ, ಕಡೆಗೆ ವಾಲಿಕೊಂಡಿದೆ.

ಲೇತ್ ಮನೆ

ಹಾಗಾದರೆ ನಡುವೆ ತಗ್ಗಿದೆ. ತಗ್ಗೆಲ್ಲ ದೋಷವಲ್ಲ, ಕೆಲವು ಫ್ರೆಂಚ್ ತಯಾರಕರು ಟೇಬಲ್ಲಿನ ನಡುವೆ ಬೇಕೆಂದೇ ತುಸು ತಗ್ಗು ಬಿಡುತ್ತಾರೆ. ಆದರೆ ತಗ್ಗು ಕಿಟಕಿಯ ತನಕ ಹೋದರೆ ಗಾಳಿ ಅಲ್ಲಿಂದ ರೀಡಿನ ಅಡಿಗೆ ನುಗ್ಗುತ್ತದೆ. ನಿಮ್ಮದು ಅದೇ ಜಾತಿ.

ಈಗ ರೇಲುಗಳನ್ನು ಅಳೆಯೋಣ. ಕಿಟಕಿಯ ಎರಡೂ ಪಕ್ಕ ಓಡುವ ಅಂಚುಗಳೇ ರೇಲು, ಅವು ಟೇಬಲ್ಲಿನಿಂದ ತುದಿಯ ಕಡೆಗೆ ನಿಧಾನವಾಗಿ ಬಾಗುತ್ತಾ ಹೋಗುವುದೇ ಫೇಸಿಂಗ್. ತಂಬೂರಿಯ ಕುದುರೆಯ ಮೇಲೆ ದಾರವನ್ನು ಒಂದು ಕೂದಲಷ್ಟು ಸರಿಸಿದರೆ ಜೀವ ಬಂದು ಹೋಗುತ್ತದಲ್ಲ, ಇಲ್ಲಿಯೂ ಹಾಗೆಯೇ. ರೀಡ್ ಆ ಬಾಗಿನ ಮೇಲೆ ಉರುಳುತ್ತಾ ಮುಚ್ಚಿ ತೆರೆಯುತ್ತದೆ. ಬಾಗಿನಲ್ಲಿ ಎಲ್ಲಾದರೂ ಗುಂಡಿಯೋ ಗುಬ್ಬಿಯೋ ಇದ್ದರೆ, ಎಡಬಲ ಒಂದೇ ಸಮ ಇಲ್ಲದಿದ್ದರೆ, ರೀಡ್ ತಿರುಚಿಕೊಳ್ಳುತ್ತದೆ. ನಿಮ್ಮ ಚಿಂವ್ ಅಲ್ಲಿಂದಲೇ ಬರುತ್ತಿರಬೇಕು.

ಅಮೆರಿಕದ ಎಲ್ಕಾರ್ಟ್‌ನ ಎರಿಕ್ ಬ್ರ್ಯಾಂಡ್ ಎಂಬವರು ಇದಕ್ಕೊಂದು ಅಳತೆಯ ಕ್ರಮ ಮಾಡಿಟ್ಟಿದ್ದಾರೆ, ಇಂದಿಗೂ ಅದೇ ಚಾಲ್ತಿಯಲ್ಲಿದೆ. ಬೇಕಾದದ್ದು ಗೆರೆ ಹಾಕಿದ ಗಾಜು, ತೆಳು ಉಕ್ಕಿನ ಅಳತೆ ಪಟ್ಟಿಗಳು. ಪಟ್ಟಿಗೆ ಬೇರೆಲ್ಲೂ ಹುಡುಕಬೇಡಿ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಸಾಕು, ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ, ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ. ಗಾಜಿಗೆ ಮೂರು ಮಿ.ಮೀ. ದಪ್ಪದ ತುಂಡು ತೆಗೆದುಕೊಂಡು ಹಿಂಬದಿಗೆ ಮಿಲಿಮೀಟರ್ ಗ್ರಾಫನ್ನು ಪಾರದರ್ಶಕ ಹಾಳೆಯಲ್ಲಿ ಜೆರಾಕ್ಸ್ ಮಾಡಿಸಿ ಅಂಟಿಸಿ. ಮೌತ್‌ಪೀಸಿನ ಟೇಬಲ್ಲನ್ನು ಗಾಜಿನ ಬರಿಯ ಮುಖಕ್ಕೆ ಒತ್ತಿ ಹಿಡಿದು, ತುದಿಯನ್ನು ಸೊನ್ನೆ ಗೆರೆಗೆ ಹೊಂದಿಸಿ. ಪಟ್ಟಿಯನ್ನು ತುದಿಯ ಕಡೆಯಿಂದ ಒಳಕ್ಕೆ ಜಾರಲು ಬಿಡಿ. ತಳ್ಳಬೇಡಿ, ತನ್ನ ಭಾರಕ್ಕೇ ಹೋಗಿ ನಿಲ್ಲಬೇಕು. ಎಡ ರೇಲಿನಲ್ಲಿ ಎಲ್ಲಿ ನಿಂತಿತು, ಬಲ ರೇಲಿನಲ್ಲಿ ಎಲ್ಲಿ ನಿಂತಿತು ಎಂದು ನೇರವಾಗಿ ಮೇಲಿನಿಂದ ನೋಡಿ ಬರೆದುಕೊಳ್ಳಿ. ಓರೆಯಾಗಿ ನೋಡಿದರೆ ಅರ್ಧ ಮಿ.ಮೀ. ತಪ್ಪುತ್ತದೆ. 0.05, 0.25, 0.60, 0.85 ಪಟ್ಟಿಗಳು, ಕೊನೆಗೆ ಎರಡನ್ನು ಜೋಡಿಸಿ 1.25.

ಮೈಸೂರು ಬ್ಯಾಂಡ್

ಪ್ಯಾಡ್ ಸಿಕ್ಕಿತಲ್ಲ! ಹಳಬರ ಮಾತಿಗೆ ಇಷ್ಟಾದರೂ ಬೆಲೆಯಿರಲಿ.

ಸೌಂಡ್ ಸಿಸ್ಟಂ

ಮದುವೆ ಮಂಟಪಗಳಿಗೆ ಧ್ವನಿವರ್ಧಕ ಹಾಕುವವನ ಕಡೆಯಿಂದ ಒಂದು ಮಾತು. ನೀವು ಮಿಲಿಮೀಟರಿನ ಲೆಕ್ಕ ಹಾಕಿ ತೀಡಿದ ನಾದವೆಲ್ಲ ನಮ್ಮ ಮಿಕ್ಸರಿನ ಟ್ರೆಬಲ್ ಗುಂಡಿಯ ಕೆಳಗೆ ಬರುತ್ತದೆ. ಮೈಕನ್ನು ಬೆಲ್ಲಿನ (ವಾದ್ಯದ ಅಗಲವಾದ ಕೊನೆ) ಬಾಯಿಗೇ ತುರುಕಿದರೆ ಯಾವ ಮೌತ್‌ಪೀಸೂ ಕೀರಲೇ. ಒಂದು ಮೊಳ ದೂರ, ಕೀಲಿಗಳ ಕಡೆಗೆ ಓರೆಯಾಗಿ ಇಡಿ. ಸ್ಯಾಕ್ಸೋಫೋನಿನ ನಾದ ಬೆಲ್ಲಿನಿಂದ ಮಾತ್ರ ಬರುವುದಲ್ಲ, ತೆರೆದಿರುವ ರಂಧ್ರಗಳಿಂದಲೂ ಬರುತ್ತದೆ.

ಷಡ್ಜ

ಈ ಮಾತನ್ನು ಎಲ್ಲ ಧ್ವನಿವರ್ಧಕದವರಿಗೂ ಚೀಟಿ ಬರೆದು ಹಂಚಬೇಕು.

ಪುತ್ತೂರು ಆಲ್ಟೋ

ಅಳೆದೆ. ಎಡ ರೇಲು: 0.05ಕ್ಕೆ 21, 0.25ಕ್ಕೆ 16, 0.60ಕ್ಕೆ 11.5, 0.85ಕ್ಕೆ 8.5, 1.25ಕ್ಕೆ 5. ಬಲ ರೇಲು: 19.5, 15, 11, 8.5, 5. ಟಿಪ್ 2.0 ಮಿ.ಮೀ. ಬರುತ್ತಿದೆ. ಇದು ಅಗಲವಾಯಿತೇ?

ನ್ಯೂಜೆರ್ಸಿ ಟೆನರ್

ಆಲ್ಟೋಗೆ 2.0 ಅಗಲವೇ, ಅತಿಯಲ್ಲ. ಫಂಕ್ ನುಡಿಸುವವರು ಇನ್ನೂ ಮುಂದೆ ಹೋಗುತ್ತಾರೆ. ಆದರೆ ಬಲ ರೇಲು ಬುಡದಲ್ಲಿ ಒಂದೂವರೆ ಮಿ.ಮೀ. ಮೊಟಕು, ತುದಿಯ ಹತ್ತಿರ ಎಡಕ್ಕೆ ಸಮ. ತಿರುಚು ಅಲ್ಲಿಯೇ ಇದೆ. ಕೊಂಡುಕೊಳ್ಳಿ ಎಂದ ಮಾತನ್ನು ಸದ್ಯಕ್ಕೆ ಬದಿಗಿಡುತ್ತೇನೆ. ಇದು ಸರಿಪಡಿಸಬಹುದಾದ ಮೌತ್‌ಪೀಸ್.

ಲೇತ್ ಮನೆ

ಹೌದು, ಸರಿಪಡಿಸಬಹುದು. ಗಮನಿಸಿ, ಇಷ್ಟೆಲ್ಲ ಅಳೆದರೂ ಬ್ಯಾಫಲಿನ ಹೆಸರು ಎಲ್ಲೂ ಬಂದಿಲ್ಲ. ತಗ್ಗಾದ ಟೇಬಲ್, ಮೊಟಕಾದ ಬಲ ರೇಲು. ಇವೆರಡನ್ನೂ ಹಾಗೇ ಬಿಟ್ಟು ಬ್ಯಾಫಲ್ ಇಳಿಸಿದ್ದರೆ ನಾದ ಮಂಕಾಗುತ್ತಿತ್ತು, ಚಿಂವ್ ಹಾಗೇ ಉಳಿಯುತ್ತಿತ್ತು.

ಕ್ರಮ ಹೀಗೆ. ಮೊದಲು ಟೇಬಲ್. ಗಾಜಿನ ಮೇಲೆ 400 ನಂಬರ್ ವಾಟರ್ ಪೇಪರ್, ಮೇಲೆ ನೀರು. ಮೌತ್‌ಪೀಸನ್ನು ಟೇಬಲ್ಲಿನ ನೇರಕ್ಕೆ ಬೆರಳು ಇಟ್ಟು ಹಿಡಿಯಿರಿ, ಬೀಕಿನ (ಬಾಯಿಗೆ ಇಡುವ ತುದಿ) ಕಡೆಗೆ ಭಾರ ಬಿದ್ದರೆ ಫೇಸಿಂಗ್ ಹಾಳಾಗುತ್ತದೆ. ನಾಲ್ಕೈದು ಎಳೆತ, ಒರೆಸಿ ಮಸಿ ಹಾಕಿ ನೋಡುವುದು, ಮತ್ತೆ ನಾಲ್ಕೈದು. ಪ್ರತಿ ಸಲ ಮೌತ್‌ಪೀಸನ್ನು ತಿರುಗಿಸಿ ಹಿಡಿದರೆ ಒಂದೇ ಕಡೆ ಸವೆಯುವುದು ತಪ್ಪುತ್ತದೆ. ತಗ್ಗು ಕಿಟಕಿಯ ಅಂಚಿನಿಂದ ಹಿಂದೆ ಸರಿದರೆ ಸಾಕು, ಪೂರ್ತಿ ಹೋಗಲೇಬೇಕೆಂಬ ಹಟ ಬೇಡ.

ಇಲ್ಲೊಂದು ಲೆಕ್ಕ ಇದೆ, ಇದನ್ನು ತಿಳಿಯದೆ ಟೇಬಲ್ ಉಜ್ಜುವವರು ಮೌತ್‌ಪೀಸನ್ನು ಕೆಡಿಸುತ್ತಾರೆ. ಟೇಬಲ್ಲಿನಿಂದ 0.05 ಮಿ.ಮೀ. ಹೋಯಿತು ಎಂದುಕೊಳ್ಳಿ. ಟಿಪ್ 2.0 ಇದ್ದದ್ದು 1.95 ಆಗುತ್ತದೆ, ಬಾಯಿಗೆ ಗೊತ್ತೇ ಆಗದು. ಆದರೆ ಬುಡದಲ್ಲಿ ಬಾಗು ಬಹಳ ನಿಧಾನವಾದ್ದರಿಂದ 0.05ರ ಪಟ್ಟಿ 21ಕ್ಕೆ ನಿಲ್ಲುತ್ತಿದ್ದದ್ದು ಈಗ ಸುಮಾರು 19.5ಕ್ಕೇ ನಿಲ್ಲುತ್ತದೆ. ಫೇಸಿಂಗ್ ಮೊಟಕಾಯಿತು. ಫೇಸಿಂಗ್ ಮೊಟಕಾದರೆ ಮಂದ್ರ ಮೆಲ್ಲಗೆ ಏಳುವುದು ಇನ್ನೂ ಕಷ್ಟ. ಅದಕ್ಕಾಗಿಯೇ ಟೇಬಲ್ ಮುಗಿದ ಮೇಲೆ ಫೇಸಿಂಗನ್ನು ಮತ್ತೆ ಹಿಂದಕ್ಕೆ ಎಳೆಯಲೇಬೇಕು.

ಫೇಸಿಂಗಿಗೆ 600 ನಂಬರ್. ತುದಿ ಪೇಪರಿಗೆ ತಾಗಿರಲಿ, ಅಲ್ಲಿಂದ ಹಿಂದಕ್ಕೆ ಎಳೆಯುತ್ತಾ ಬುಡದ ಕಡೆಗೆ ಉರುಳಿಸುವುದು. ಕೈಗೆ ಈ ಉರುಳು ಹತ್ತಲು ಬೇಡದ ಪ್ಲಾಸ್ಟಿಕ್ ಮೌತ್‌ಪೀಸಿನ ಮೇಲೆ ಅಭ್ಯಾಸ ಮಾಡಿ. ನಿಮ್ಮದರಲ್ಲಿ ಬಲ ರೇಲಿನ ಬುಡದಲ್ಲಿ ಮಾತ್ರ ಹೆಚ್ಚು ಹೋಗಬೇಕು, ಆದ್ದರಿಂದ ಎಳೆತದ ಕೊನೆಯಲ್ಲಿ ಬಲಗಡೆಗೆ ತುಸು ಭಾರ. ಎರಡು ಮೂರು ಎಳೆತಕ್ಕೊಮ್ಮೆ ಅಳತೆ. ಎರಡೂ ರೇಲಿನ ಅಂತರ ಅರ್ಧ ಮಿ.ಮೀ. ಒಳಗೆ ಬಂದ ಮೇಲೆ ಕೈ ತೆಗೆಯಿರಿ. ಆಲ್ಟೋಗೆ ಒಟ್ಟು ಉದ್ದ 20ರಿಂದ 24ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಬಾಗು ನಯವಾಗಿರುವುದು ಮುಖ್ಯ.

ಕೊನೆಗೆ ಟಿಪ್ ರೇಲು, ಅಂದರೆ ತುದಿಯ ಅಂಚು. ತೀಡಿದ ಮೇಲೆ ಅದು ಅಗಲವಾಗಿ ಕಾಣುತ್ತದೆ. ಅಗಲವಾದರೆ ಸ್ವರ ತಡವಾಗಿ ಏಳುತ್ತದೆ, ಅತಿ ತೆಳುವಾದರೆ ಕಿರಿಚುತ್ತದೆ. ಅದನ್ನು ಒಳಗಿನಿಂದ ಸಣ್ಣ ಮಾಡಲು ಅಕ್ಕಸಾಲಿಗರ ಸಣ್ಣ ಅರ ಬೇಕು, ಒಂದು ಬದಿ ಉಬ್ಬಾಗಿರುವಂಥದ್ದು. ಬ್ಯಾಫಲ್ ಮೊದಲ ಬಾರಿಗೆ ಅರ ಕಾಣುವುದು ಇಲ್ಲಿಯೇ, ಅದೂ ತುದಿಯ ಎರಡು ಮಿ.ಮೀ. ಜಾಗದಲ್ಲಿ ಮಾತ್ರ.

ಷಡ್ಜ

ಬ್ಯಾಫಲ್ ಬದಲಿಸಿ ನೋಡಬೇಕೆನ್ನುವವರಿಗೆ ಅರಕ್ಕಿಂತ ಮೊದಲು ಮೇಣ. ನಾಗಸ್ವರದವರು ಕೆಳಗಿನ ರಂಧ್ರಗಳಿಗೆ ಮೇಣ ಮೆತ್ತಿ ಶ್ರುತಿ ಹೊಂದಿಸುವುದನ್ನು ನೋಡಿಯೇ ಬೆಳೆದ ನಮಗೆ ಇದು ಹೊಸದೇನಲ್ಲ. ಹಲ್ಲಿನ ತಂತಿಗೆ ಹಚ್ಚುವ ಮೇಣ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಬಾಯಿಗೆ ಹೋದರೂ ಚಿಂತೆಯಿಲ್ಲ. ಅಕ್ಕಿಕಾಳಿನಷ್ಟು ಮೇಣವನ್ನು ಟಿಪ್ ರೇಲಿನ ಸ್ವಲ್ಪ ಹಿಂದೆ, ಬ್ಯಾಫಲಿನ ಮೇಲೆ ತೆಳ್ಳಗೆ ಹರಡಿ, ಅಂಚು ಎದ್ದುಕೊಳ್ಳದಂತೆ ಸವರಿ. ಎರಡು ಸ್ವರ ಊದುವಷ್ಟರಲ್ಲಿ ಗೊತ್ತಾಗುತ್ತದೆ. ನಾದ ಮುಂದಕ್ಕೆ ಚಿಮ್ಮುತ್ತದೆ, ಮಧ್ಯಸ್ಥಾಯಿಯ ದುಂಡುತನ ತುಸು ಕಡಿಮೆಯಾಗುತ್ತದೆ, ಶ್ರುತಿ ಏರುತ್ತದೆ. ಒಳಗಿನ ಗಾತ್ರ ಕಡಿಮೆಯಾದದ್ದಕ್ಕೆ ಮೌತ್‌ಪೀಸನ್ನು ಕಾರ್ಕಿನ ಮೇಲೆ ಸ್ವಲ್ಪ ಹೊರಗೆ ಎಳೆಯಬೇಕಾಗುತ್ತದೆ. ಬೇಡವೆನಿಸಿದರೆ ಉಗುರಿನಿಂದ ಕಿತ್ತರೆ ಮುಗಿಯಿತು. ಬ್ಯಾಫಲ್ ತಗ್ಗಿಸಿದರೆ ಏನಾಗುತ್ತದೆ ಎಂಬುದನ್ನು ಮಾತ್ರ ಮೇಣದಿಂದ ನೋಡಲಾಗದು. ಅದಕ್ಕೇ ಹೇಳುವುದು, ತೆಗೆಯುವ ಕೆಲಸ ಕೊನೆಯದು.

ಎರಡು ಬಗೆಯ ಅಂಟು ಕಲಸಿ ಮಾಡುವ ಎಂ-ಸೀಲ್‌ನಂಥದ್ದನ್ನು ಒಳಗೆ ಮೆತ್ತುವವರನ್ನೂ ನೋಡಿದ್ದೇನೆ. ಬಾಯಿಗೆ ಹೋಗುವ ವಸ್ತು ಮಾರಾಯರೇ, ಅದು ಬೇಡ.

ನ್ಯೂಜೆರ್ಸಿ ಟೆನರ್

ಷಡ್ಜ ಅವರೇ, ಒಳಗಿನ ಗಾತ್ರದ ಮಾತು ಎತ್ತಿದ್ದು ಒಳ್ಳೆಯದಾಯಿತು. ಸ್ಯಾಕ್ಸೋಫೋನ್ ತುದಿ ಕತ್ತರಿಸಿದ ಶಂಕು. ಕತ್ತರಿಸಿಹೋದ ತುದಿಯ ಗಾತ್ರವನ್ನು ಮೌತ್‌ಪೀಸ್ ತುಂಬಿಕೊಡಬೇಕು ಎಂದು ಭೌತಶಾಸ್ತ್ರಜ್ಞ ಆರ್ಥರ್ ಬೆನೇಡ್ ವಿವರಿಸಿದ್ದಾರೆ. ತುಂಬಿಕೊಡದಿದ್ದರೆ ಮಧ್ಯ, ತಾರಸ್ಥಾಯಿಗಳ ಷಡ್ಜಗಳು ಒಂದಕ್ಕೊಂದು ಕೂಡುವುದಿಲ್ಲ. ಚೇಂಬರನ್ನು ಕೊರೆದು ದೊಡ್ಡದು ಮಾಡಿಸುವ ಆಸೆಯಿದ್ದವರು ಇದನ್ನು ನೆನಪಿಡಬೇಕು. ಮೌತ್‌ಪೀಸನ್ನು ಎಷ್ಟು ಒಳಗೆ ತಳ್ಳಿದರೂ ಶ್ರುತಿ ಏರದ ಸ್ಥಿತಿ ಬರಬಹುದು, ಕೊರೆದದ್ದನ್ನು ಮತ್ತೆ ತುಂಬಲಾಗದು.

ಸುಲಭದ ಒಂದು ಪರೀಕ್ಷೆ. ಆಲ್ಟೋ ಮೌತ್‌ಪೀಸನ್ನು ನೆಕ್ಕಿಗೆ ಹಾಕದೆ ಬರಿದೇ ಊದಿ ಮೊಬೈಲ್ ಟ್ಯೂನರಿಗೆ ಹಿಡಿಯಿರಿ. ಪಾಶ್ಚಾತ್ಯ ಶಾಸ್ತ್ರೀಯದವರು ಎ, ಅಂದರೆ 880 ಹರ್ಟ್ಸ್ ಬರಲಿ ಎನ್ನುತ್ತಾರೆ, ಜಾಸ್‌ನವರು ಅದಕ್ಕಿಂತ ಒಂದು ಸ್ವರ ಕೆಳಗೆ ಇಡುತ್ತಾರೆ. ಅದಕ್ಕಿಂತ ಬಹಳ ಮೇಲೆ ಹೋಗುತ್ತಿದ್ದರೆ ನೀವು ಕಚ್ಚುತ್ತಿದ್ದೀರಿ. ತಾರಸ್ಥಾಯಿಯ ತೆಳುವಿಗೆ ಅರ್ಧ ಕಾರಣ ಅದೇ ಇರುತ್ತದೆ.

ಮೈಸೂರು ಬ್ಯಾಂಡ್

ಕಚ್ಚುವುದು! ಅದನ್ನೇ ನಾನು ಮೊದಲಿನಿಂದ ಹೇಳುತ್ತಿರುವುದು. ಅಲ್ಲದೆ, ಮೆಟಲ್ ಮೌತ್‌ಪೀಸ್ ಹಾಕಿದರೆ ನಾದ ಹರಿತ, ಎಬೊನೈಟಿಗೆ ಮೆದು ಎಂದು ನಮ್ಮ ಕಾಲದಲ್ಲಿ ಹೇಳುತ್ತಿದ್ದರು. ಅದು ನಿಜವೇ?

ನ್ಯೂಜೆರ್ಸಿ ಟೆನರ್

ಬಹುಪಾಲು ಒಳಗಿನ ಆಕಾರದ ಗುಣ ಸಾರ್. ಮೆಟಲ್ ಮೌತ್‌ಪೀಸುಗಳಲ್ಲಿ ಹಲವು ಎತ್ತರದ ಬ್ಯಾಫಲ್ ಇಟ್ಟುಕೊಂಡೇ ಹುಟ್ಟುತ್ತವೆ, ಹೆಸರು ಲೋಹಕ್ಕೆ ಬರುತ್ತದೆ. ಜಾನ್ ಕೋಲ್ಟ್ರೇನ್ ನುಡಿಸಿದ್ದು ಮೆಟಲ್ ಆಟೋ ಲಿಂಕ್, ಆ ನಾದವನ್ನು ಯಾರೂ ತೆಳ್ಳಗೆ ಎನ್ನಲಾರರು. ವಾದ್ಯದ ಮೈಯ ವಿಷಯಕ್ಕೆ ಬಂದರೆ, 1953ರಲ್ಲಿ ಟೊರಾಂಟೊದ ಮ್ಯಾಸಿ ಹಾಲಿನಲ್ಲಿ ಚಾರ್ಲಿ ಪಾರ್ಕರ್ ನುಡಿಸಿದ್ದು ಗ್ರಾಫ್ಟನ್ ಎಂಬ ಪ್ಲಾಸ್ಟಿಕ್ ಆಲ್ಟೋ. ಆ ಧ್ವನಿಮುದ್ರಿಕೆ ಕೇಳಿ ಪ್ಲಾಸ್ಟಿಕ್ ಎಂದು ಹೇಳುವವರನ್ನು ನಾನಿನ್ನೂ ಕಂಡಿಲ್ಲ.

ಮೈಸೂರು ಬ್ಯಾಂಡ್

ಕೋಲ್ಟ್ರೇನ್ ಕೂಡ ಮೌತ್‌ಪೀಸಿನ ಹುಚ್ಚು ಹಿಡಿಸಿಕೊಂಡವರೇ ಎಂದು ಓದಿದ್ದೇನೆ. ದೊಡ್ಡವರಿಗೆ ಬಿಡೋಣ, ಅವರ ಸಾಧನೆಯೂ ಹಾಗೆಯೇ ಇತ್ತು.

ಹೊಸ ರೀಡ್

ನಾನು ಇನ್ನೂ ಸರಳೆ, ಜಂಟಿ ವರಸೆಯಲ್ಲಿದ್ದೇನೆ. ವಾದ್ಯದ ಜೊತೆ ಬಂದ ಪ್ಲಾಸ್ಟಿಕ್ ಮೌತ್‌ಪೀಸ್ ಇದೆ. ಇದನ್ನೆಲ್ಲ ಓದಿ ನನ್ನದನ್ನೂ ತೀಡಬೇಕೆನಿಸುತ್ತಿದೆ.

ಲೇತ್ ಮನೆ

ಬೇಡ. ಟಪ್ ಪರೀಕ್ಷೆ ಮಾಡಿ. ಗೆದ್ದರೆ ವರಸೆ ಮುಂದುವರಿಸಿ. ಸೋತರೆ ಯಮಹಾ 4ಸಿಯಂಥ ಕಿರಿದಾದ, ಸಮನಾದ ಮೌತ್‌ಪೀಸ್ ಸಾಕು, ಅದಕ್ಕೆ ಬೆಲೆಯೂ ಕಡಿಮೆ. ನಿಮ್ಮ ಹಳೆಯದನ್ನು ಎಸೆಯಬೇಡಿ, ಪುತ್ತೂರಿನವರಿಗೆ ಕಳಿಸಿ, ಉರುಳಿಸುವ ಅಭ್ಯಾಸಕ್ಕೆ ಬೇಕಾಗುತ್ತದೆ!

ಪುತ್ತೂರು ಆಲ್ಟೋ

ಹೊಸ ರೀಡ್ ಅವರೇ, ಅಂಚೆ ವೆಚ್ಚ ನನ್ನದು.

ಟೇಬಲ್ ಕೆಲಸ ಮುಗಿಸಿದ್ದೇನೆ. ತಗ್ಗು ಈಗ ನಡುವೆ ಸಣ್ಣದಾಗಿ ಉಳಿದಿದೆ, ಕಿಟಕಿಯ ಅಂಚಿನಲ್ಲಿಲ್ಲ. ಟಪ್ ಪರೀಕ್ಷೆಯಲ್ಲಿ ರೀಡ್ ಅಂಟಿಕೊಂಡು ನಿಲ್ಲುತ್ತಿದೆ. ಲೇತ್ ಅಣ್ಣ ಹೇಳಿದ್ದೇ ಆಯಿತು, ಎಡ ರೇಲು 0.05ಕ್ಕೆ 20 ತೋರಿಸುತ್ತಿದೆ, ಬಲ 18.5. ಈಗ ನುಡಿಸಿ ನೋಡಿದರೆ ತಾರಸ್ಥಾಯಿ ತುಂಬಿ ಬರುತ್ತಿದೆ, ಮಂದ್ರ ಮಾತ್ರ ಮೊದಲಿಗಿಂತ ಹಟಮಾರಿ. ಫೇಸಿಂಗ್ ನಾನೇ ಮಾಡಲೋ, ನಿಮಗೆ ಕಳಿಸಲೋ?

ಇನ್ನೊಂದು ಸಂಶಯ. ಉಜ್ಜುವಾಗ ಕೋಣೆಯೆಲ್ಲ ಗಂಧಕದ ವಾಸನೆ, ಕೈಗೆ ಕಂದು ಕೆಸರು. ತೊಳೆಯಲು ಬಿಸಿನೀರು ಹಾಕಬಹುದೇ? ಮೌತ್‌ಪೀಸಿನ ಹೊರಮೈ ಮೊದಲೇ ಹಸಿರು ತಿರುಗಿದೆ.

ಲೇತ್ ಮನೆ

ಬಿಸಿನೀರು ಖಂಡಿತ ಬೇಡ. ಎಬೊನೈಟ್ ಎಂದರೆ ಗಂಧಕ ಹಾಕಿ ಗಟ್ಟಿ ಮಾಡಿದ ರಬ್ಬರು. ಬಿಸಿಗೂ ಬಿಸಿಲಿಗೂ ಗಂಧಕ ಮೇಲಕ್ಕೆ ಬಂದು ಹಸಿರು ಹಿಡಿಯುತ್ತದೆ. ಬಿಸಿನೀರಿಗೆ ಹಾಕಿದರೆ ಟೇಬಲ್ ಬಾಗಿ ಮಾಡಿದ ಕೆಲಸವೆಲ್ಲ ನೀರುಪಾಲು. ತಣ್ಣೀರು, ಒಂದು ಹನಿ ಪಾತ್ರೆ ತೊಳೆಯುವ ಸಾಬೂನು, ಮೃದುವಾದ ಬ್ರಷ್. ಹಸಿರನ್ನು ಹಾಗೇ ಬಿಡಿ, ನಾದಕ್ಕೆ ಅದರಿಂದ ಏನೂ ಇಲ್ಲ. ಕೊನೆಯ ತನಕ ನೀರು ಹಾಕಿಯೇ ಉಜ್ಜಿ, ಒಣ ಪುಡಿ ಮೂಗಿಗೆ ಹೋಗಬಾರದು. ರಾಜಮಹೇಂದ್ರಿಯಲ್ಲಿ ಎಬೊನೈಟ್ ಪೆನ್ನುಗಳನ್ನು ಕೈಯಿಂದಲೇ ಲೇತಿನಲ್ಲಿ ತಿರುಗಿಸುವವರಿದ್ದಾರೆ, ಈ ವಾಸನೆ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಫೇಸಿಂಗನ್ನು ನೀವೇ ಮಾಡಿ. ಟೇಬಲ್ ಇಷ್ಟು ತಾಳ್ಮೆಯಿಂದ ಮಾಡಿದವರಿಗೆ ಅದೂ ಬರುತ್ತದೆ. ಎಡಕ್ಕೆ 22, ಬಲಕ್ಕೆ 22 ಗುರಿ ಇಟ್ಟುಕೊಳ್ಳಿ, 21.5ಕ್ಕೆ ಬಂದಾಗ ಒಮ್ಮೆ ನಿಲ್ಲಿಸಿ ನುಡಿಸಿ ನೋಡಿ. ಬಾಗನ್ನು ಹಿಂದಕ್ಕೆ ಎಳೆದಂತೆ ಟಿಪ್ ಕೂಡ ಒಂದಿಷ್ಟು ತೆರೆಯಬಹುದು, 2.05 ದಾಟದಂತೆ ನೋಡಿಕೊಳ್ಳಿ. ದಾಟಿದರೆ ರೀಡನ್ನು ಎರಡು ನಂಬರಿಗೆ ಇಳಿಸಬೇಕಾಗುತ್ತದೆ, ಆಗ ಶ್ರುತಿಯಲ್ಲಿ ನಿಲ್ಲುವುದಕ್ಕೆ ಷಡ್ಜ ಅವರ ಹತ್ತಿರ ಬೈಸಿಕೊಳ್ಳುತ್ತೀರಿ. ಅಳತೆಗಳನ್ನು ಇಲ್ಲಿಯೇ ಹಾಕುತ್ತಿರಿ. 1.25ರ ಸಂಖ್ಯೆ ಎರಡೂ ಕಡೆ 5ರಲ್ಲೇ ಉಳಿಯಬೇಕು, ಅದು ಅಲ್ಲಾಡಿದರೆ ತಕ್ಷಣ ನಿಲ್ಲಿಸಿ ಬರೆಯಿರಿ.